ಕ್ಯಾಸೆಟ್ಟಿನ ಮೇಲಿಲ್ಲದ ಹೆಸರು

ತೊಂಬತ್ತರ ದಶಕದಲ್ಲಿ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇಳಿದು ಮಾರಿಕುಪ್ಪಂ ರೈಲಿಗೆ ಕಾಯುವಾಗ ನನಗಿದ್ದದ್ದು ಎರಡೇ ಕೆಲಸ. ಪಾನಿಪೂರಿ ತಿನ್ನುವುದು, ಕ್ಯಾಸೆಟ್ ಅಂಗಡಿಯ ಮುಂದೆ ನಿಲ್ಲುವುದು. ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ವಾರದೊಳಗೆ ತುಂಬಿಸಿ ಕೊಡುತ್ತಿದ್ದರು. ಹಾಗೆ ತುಂಬಿಸಿದ ಒಂದು ಕ್ಯಾಸೆಟ್ ಈಗಲೂ ನನ್ನ ಹತ್ತಿರ ಇದೆ. ಮೇಲೆ ಬಾಲ್‌ಪೆನ್ನಿನಲ್ಲಿ ಬರೆದಿರುವುದು ‘ಡಿಸ್ಕೋ, ಇಂಗ್ಲಿಷ್’ ಅಂತ ಮಾತ್ರ. ಹಾಡಿದವರು ಯಾರು, ಯಾವ ದೇಶದವರು ಎಂದು ಅಂಗಡಿಯವನೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಕೆಜಿಎಫ್‌ನಲ್ಲಿ ಕ್ರಿಸ್‌ಮಸ್ ಎಂದರೆ ಆ ಕ್ಯಾಸೆಟ್. ಚಾಂಪಿಯನ್ ರೀಫ್ಸ್‌ನ ಲೈನ್ ಮನೆಗಳ ನಡುವಿನ ಬಯಲಿನಲ್ಲಿ ಸ್ಪೀಕರ್ ಇಟ್ಟು ರಾತ್ರಿಯಿಡೀ ಕುಣಿಯುತ್ತಿದ್ದರು. ಅದರಲ್ಲಿ ಎಲ್ಲರೂ ಮತ್ತೆ ಮತ್ತೆ ಹಾಕಿಸುತ್ತಿದ್ದ ಹಾಡು ‘ದಿ ರಿದಮ್ ಆಫ್ ದಿ ನೈಟ್’. ಅದು ಇಂಗ್ಲಿಷರದ್ದೋ ಅಮೆರಿಕದ್ದೋ ಇರಬೇಕು ಎಂದೇ ನಾವು ತಿಳಿದಿದ್ದೆವು. ಅದು ಇಟಲಿಯಲ್ಲಿ ತಯಾರಾದದ್ದೆಂದು ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಇಟಲಿಯವರು ನಮ್ಮೂರಿಗೆ ಹೊಸಬರೇನಲ್ಲ ಬಿಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಅಗೆಯಲು ಬಂದ ಮೇಲೆ, ಬ್ರಿಟಿಷರ ಜೊತೆ ಇಟಲಿಯ ಗಣಿಗಾರರೂ ಬಂದು ದುಡಿದು ಹೋಗಿದ್ದಾರೆ.

‘ಕರೋನಾ’ ಎಂಬ ಹೆಸರಿನಲ್ಲಿ 1993ರಲ್ಲಿ ಆ ಹಾಡನ್ನು ತಂದವರು ಇಟಲಿಯ ನಿರ್ಮಾಪಕ ಫ್ರಾನ್ಸೆಸ್ಕೋ ಬೊಂಟೆಂಪಿ. ವಿಡಿಯೋದಲ್ಲಿ, ವೇದಿಕೆಯಲ್ಲಿ ಕಾಣುತ್ತಿದ್ದವರು ಬ್ರೆಜಿಲ್‌ನ ಓಲ್ಗಾ ಸೋಜಾ. ಆದರೆ ಆ ದನಿ ಅವರದಲ್ಲ. ಹಾಡಿದವರು ಇಟಲಿಯದೇ ಗಾಯಕಿ ಜೊವಾನ್ನಾ ಬೆರ್ಸೋಲಾ. ಸಂಗೀತದ ಲೋಕದಲ್ಲಿ ಜೆನ್ನಿ ಬಿ. ಹಾಡು ಜಗತ್ತನ್ನೆಲ್ಲ ಸುತ್ತಿತು, ಚಾಂಪಿಯನ್ ರೀಫ್ಸ್‌ನ ಬಯಲಿಗೂ ಬಂತು. ಜೊತೆಗೆ ಬಂದದ್ದು ಇನ್ನೊಬ್ಬರ ಮುಖ.

ಇದೊಂದು ಹಾಡಿನ ಕತೆ ಅಲ್ಲ. ಎಂಬತ್ತರ ದಶಕದ ಇಟಲಿಯ ಡ್ಯಾನ್ಸ್ ಸಂಗೀತಕ್ಕೆ, ಅಂದರೆ ಇಟಾಲೋ ಡಿಸ್ಕೋಗೆ, ಇದು ಮಾಮೂಲಿ ವ್ಯವಹಾರ. ಸ್ಟುಡಿಯೋದಲ್ಲಿ ಇಬ್ಬರು ಮೂವರು ಸಿಂಥಸೈಜರ್ ಇಟ್ಟುಕೊಂಡು ರಾಗ ಕಟ್ಟುವರು; ಇಂಗ್ಲಿಷ್ ಚೆನ್ನಾಗಿ ನುಡಿಯುವ ಗಾಯಕರನ್ನು ಕರೆಸಿ ಹಾಡಿಸುವರು; ಆಮೇಲೆ ಟೀವಿಗೆ ಒಪ್ಪುವ ಮುಖ ಹುಡುಕುವರು. ಒಬ್ಬನೇ ಗಾಯಕ ನಾಲ್ಕಾರು ಹೆಸರುಗಳಲ್ಲಿ ಬರುವುದೂ ಉಂಟು, ಒಂದೇ ಹೆಸರಿನಲ್ಲಿ ಮೂವರು ಹಾಡಿರುವುದೂ ಉಂಟು. ಇವುಗಳಲ್ಲಿ ಅತಿ ಧೈರ್ಯದ್ದು ಡೆನ್ ಹ್ಯಾರೋ ಎಂಬ ತಾರೆ. ಹೆಸರನ್ನೇ ಕೇಳಿ: ಇಟಾಲಿಯನ್ನಿನಲ್ಲಿ ‘ದೆನಾರೋ’ ಎಂದರೆ ಹಣ. ನಿರ್ಮಾಪಕರಾದ ತುರಾಟ್ಟಿ, ಕಿಯೆರೆಗಾಟೊ ಆ ಶಬ್ದವನ್ನೇ ಒಡೆದು ಇಂಗ್ಲಿಷ್ ಹೆಸರು ಮಾಡಿದರು. ಮುಖ ಸ್ಟೆಫಾನೊ ಝಾಂಡ್ರಿ ಎಂಬ ಇಟಲಿಯ ಚೆಲುವನದು; ಪ್ರಚಾರದಲ್ಲಿ ಮಾತ್ರ ಆತ ಅಮೆರಿಕದ ಬಾಸ್ಟನ್‌ನವನು. 1985ರ ‘ಫ್ಯೂಚರ್ ಬ್ರೇನ್’ ಸೇರಿ ಆ ಹೆಸರಿನ ದೊಡ್ಡ ಹಾಡುಗಳ ದನಿ ಟಾಮ್ ಹುಕರ್ ಎಂಬಾತನದು. ಅಮೆರಿಕದವನಂತೆ ನಟಿಸಿದವನು ಇಟಲಿಯವನು, ನಿಜಕ್ಕೂ ಅಮೆರಿಕದವನು ಪರದೆಯ ಹಿಂದೆ. ಇಬ್ಬರ ಜಗಳ ಮೂವತ್ತು ವರ್ಷ ದಾಟಿಯೂ ತೀರದೆ, 2018ರಲ್ಲಿ ‘ಡಾನ್ಸ್ ಆಫ್ ಡಿಸ್ಕೋ’ ಎಂಬ ಸಾಕ್ಷ್ಯಚಿತ್ರವೇ ಆಯಿತು.

ಹೆಸರಿಲ್ಲದ ದನಿಯನ್ನು ಗುರುತಿಸುವುದು ಹೇಗೆ? ರೆಕಾರ್ಡಿನ ಲೇಬಲ್ಲಿನಲ್ಲಿ ಹಾಡು ಬರೆದವರ, ರಾಗ ಕಟ್ಟಿದವರ ಹೆಸರು ಇರುತ್ತದೆ, ಏಕೆಂದರೆ ಹಕ್ಕಿನ ಹಣ ಅವರಿಗೆ ಹೋಗಬೇಕು. ಸ್ಟುಡಿಯೋ ಕೂಲಿ ಪಡೆದು ಹೋದ ಗಾಯಕನಿಗೆ ಆ ಜಾಗದಲ್ಲಿ ಕೆಲಸವಿಲ್ಲ. ಹಾಗಾಗಿ ಉಳಿಯುವುದು ಕಿವಿ. ಸಾಲು ಮುಗಿಯುವಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ, ಏರು ದನಿಗೆ ಹೋಗುವಾಗ ಗಂಟಲು ಎಲ್ಲಿ ಒಡೆಯುತ್ತದೆ, ಇಂಗ್ಲಿಷಿನ ‘ಹ’ಕಾರ ನುಂಗುತ್ತಾರೋ ಇಲ್ಲವೋ. ಇಟಾಲಿಯನ್ನಿನಲ್ಲಿ ಹಕಾರದ ಉಚ್ಚಾರವೇ ಇಲ್ಲ. ಹಾಗಾಗಿ ಹಕಾರ ಸಲೀಸಾಗಿ ಬಂದರೆ ಗುಮಾನಿ ಬರಬೇಕು. ಆಮೇಲೆ ಅದೇ ಗಾಯಕರು ಸ್ವಂತ ಹೆಸರಿನಲ್ಲಿ ಹಾಡಿದ್ದನ್ನು ಪಕ್ಕದಲ್ಲಿಟ್ಟು ಕೇಳುವುದು. ಕೊನೆಗೆ, ವಯಸ್ಸಾದ ಮೇಲೆ ಅವರೇ ಬಾಯಿಬಿಡುವುದು.

ಕೆಲವು ಸಲ ಕೋರ್ಟು ಬಾಯಿ ಬಿಡಿಸುತ್ತದೆ. 1989ರಲ್ಲಿ ಇಟಲಿಯ ‘ಬ್ಲ್ಯಾಕ್ ಬಾಕ್ಸ್’ ತಂಡದ ‘ರೈಡ್ ಆನ್ ಟೈಮ್’ ಬ್ರಿಟನ್ನಿನಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ವಿಡಿಯೋದಲ್ಲಿ ತುಟಿಯಾಡಿಸಿದ್ದು ಕ್ಯಾಥ್ರಿನ್ ಕ್ವಿನೋಲ್ ಎಂಬ ರೂಪದರ್ಶಿ. ದನಿ ಅಮೆರಿಕದ ಲೊಲೀಟಾ ಹಾಲೊವೇ ಅವರದು. 1980ರ ‘ಲವ್ ಸೆನ್ಸೇಷನ್’ ಹಾಡಿನಿಂದ ಕೇಳದೇ ಕತ್ತರಿಸಿ ಅಂಟಿಸಿದ್ದು. ಅದೇ ತಂಡದ ಮುಂದಿನ ಹಾಡುಗಳಿಗೆ ದನಿ ಕೊಟ್ಟವರು ಮಾರ್ಥಾ ವಾಷ್. ಅವರು ‘ಇಟ್ಸ್ ರೈನಿಂಗ್ ಮೆನ್’ ಹಾಡಿದ ಜೋಡಿಯಲ್ಲಿ ಒಬ್ಬರು, ಆ ಗಂಟಲನ್ನು ಜನ ಮರೆಯುವಂತಿರಲಿಲ್ಲ. ಬೇರೆ ಯಾರೋ ಹಾಡಲಿಕ್ಕೆ ಮಾದರಿ ಎಂದುಕೊಂಡು ಹಾಡಿಕೊಟ್ಟಿದ್ದರು. ಟೀವಿಯಲ್ಲಿ ತೆಳ್ಳಗಿನ ಇನ್ನೊಬ್ಬಾಕೆ ತನ್ನ ದನಿಯಲ್ಲಿ ಹಾಡುವುದನ್ನು ಕಂಡು ದಾವೆ ಹೂಡಿದರು. ದಪ್ಪಗಿದ್ದದ್ದೇ ಅವರ ತಪ್ಪಾಗಿತ್ತು.

ನಮ್ಮ ದೇಶ ಈ ವಿಷಯದಲ್ಲಿ ನಲವತ್ತು ವರ್ಷ ಮುಂದಿತ್ತು ಎಂದು ನನಗೆ ಕೊಂಚ ಜಂಬ. 1949ರಲ್ಲಿ ‘ಮಹಲ್’ ಚಿತ್ರದ ‘ಆಯೇಗಾ ಆನೇವಾಲಾ’ ಹಾಡಿನ ತಟ್ಟೆ ಬಂದಾಗ ಅದರ ಮೇಲಿದ್ದ ಹೆಸರು ‘ಕಾಮಿನಿ’. ಅದು ಮಧುಬಾಲಾ ಮಾಡಿದ ಪಾತ್ರದ ಹೆಸರು. ಹಾಡಿದ್ದು ಯಾರೆಂದು ಕೇಳುಗರು ರೇಡಿಯೋಗೆ ದುಂಬಾಲು ಬಿದ್ದರು. ಹಾಗೆ ಹೊರಬಂದ ಹೆಸರು ಲತಾ ಮಂಗೇಶ್ಕರ್. ಮುಖ ಒಬ್ಬರದು, ದನಿ ಇನ್ನೊಬ್ಬರದು ಎನ್ನುವುದನ್ನು ನಾವು ಬಚ್ಚಿಡಲಿಲ್ಲ, ಅದಕ್ಕೊಂದು ಹೆಸರಿಟ್ಟು ಹಿನ್ನೆಲೆ ಗಾಯನ ಎಂದೆವು.

ಇನ್ನೂ ಹಿಂದೆ ಹೋದರೆ ಗೌಹರ್ ಜಾನ್. 1902ರಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಿಸಿಕೊಂಡಾಗ ಪ್ರತಿ ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾವ ಲೇಬಲ್ ಅಂಟಿಸಬೇಕೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಈ ಏರ್ಪಾಟು. ಕಾರಣ ಏನೇ ಇರಲಿ, ಆಕೆಯ ಹೆಸರನ್ನು ಆ ದನಿಯಿಂದ ಯಾರೂ ಬೇರ್ಪಡಿಸಲಾರರು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಆಕೆ ತೀರಿಕೊಂಡದ್ದು ಮೈಸೂರಿನಲ್ಲೇ, 1930ರ ಜನವರಿಯಲ್ಲಿ.

ಅದೇ 1930ರಲ್ಲಿ ಅದೇ ಮೈಸೂರು ಸಂಸ್ಥಾನದ ಇನ್ನೊಂದು ಮೂಲೆಯಲ್ಲಿ, ಅಂದರೆ ನಮ್ಮೂರಿನಲ್ಲಿ, ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದರು. ಬೆರಳಚ್ಚು ತೆಗೆದು ನೋಂದಾಯಿಸುವ ಹೊಸ ಪದ್ಧತಿ ಅವರಿಗೆ ಸಹಿಸದಾಯಿತು. ಗುರುತು ಎಂಬುದು ಎರಡು ಬಗೆ ಅಂತ ಆಗ ಅನ್ನಿಸುತ್ತದೆ. ಗೌಹರ್ ತಾನೇ ಕೂಗಿ ಹೇಳಿದ್ದು ಒಂದು. ಕಂಪನಿ ಹೆಬ್ಬೆಟ್ಟು ಹಿಡಿದು ತೆಗೆದುಕೊಂಡದ್ದು ಇನ್ನೊಂದು.

ನಮ್ಮ ಮಾವ ಮೂವತ್ತು ವರ್ಷ ಅಂಡರ್‌ಗ್ರೌಂಡ್ ಕೆಲಸ ಮಾಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ಇಳಿಯುತ್ತಿದ್ದರು. ಕೆಳಗೆ ಹೋದವರು ಮೊದಲು ಮಾಡುವ ಕೆಲಸ ಕಬ್ಬಿಣದ ಸರಳಿನಿಂದ ತಲೆಮೇಲಿನ ಬಂಡೆಯನ್ನು ತಟ್ಟಿ ನೋಡುವುದು. ಗಟ್ಟಿ ಬಂಡೆ ಗಂಟೆಯಂತೆ ಕಣಕಣ ಎನ್ನುತ್ತದೆ. ಒಳಗೆ ಬಿಟ್ಟುಕೊಂಡ ಬಂಡೆ ಡೋಲಿನಂತೆ ಬೊದಬೊದ ಎನ್ನುತ್ತದೆ. ದೀಪದ ಬೆಳಕಿಗೆ ಎರಡೂ ಒಂದೇ. ಕಣ್ಣು ನಂಬಿದವನು ಉಳಿಯುವುದಿಲ್ಲ ಅನ್ನುತ್ತಿದ್ದರು. ಅವರಿಗೆ ಈಗ ಸ್ವಲ್ಪ ಕಿವಿ ಮಂದ, ಉಸಿರಾಟವೂ ಕಷ್ಟ.

ಜೆನ್ನಿ ಬಿ 2000ದಲ್ಲಿ ಸ್ಯಾನ್ ರೆಮೊ ಉತ್ಸವದ ಹೊಸಬರ ವಿಭಾಗದಲ್ಲಿ ಗೆದ್ದರು, ತಮ್ಮದೇ ಹೆಸರಿನಲ್ಲಿ, ಇಟಾಲಿಯನ್ ಹಾಡು ಹಾಡಿ. ನಿಧಾನದ ಹಾಡು, ಡ್ರಮ್ಮಿನ ಅಬ್ಬರವಿಲ್ಲ. ಹೋದ ವರ್ಷ ಕ್ರಿಸ್‌ಮಸ್ಸಿಗೆ ಊರಿಗೆ ಹೋದಾಗ ಮಾವನಿಗೆ ಏನೂ ಹೇಳದೆ ಫೋನಿನಲ್ಲಿ ಅದನ್ನು ಹಾಕಿ ಕಿವಿಯ ಹತ್ತಿರ ಹಿಡಿದೆ. ಪರದೆ ಕಾಣದ ಹಾಗೆ ಮಗುಚಿ ಹಿಡಿದಿದ್ದೆ. ಒಂದು ನಿಮಿಷ ಕಣ್ಣು ಮುಚ್ಚಿ ಕೇಳಿದರು. ದನಿ ಮೇಲೇರುವ ಜಾಗ ಬಂದಾಗ ಬೆರಳು ಎತ್ತಿದರು.

“ನಿನ್ನ ಕ್ಯಾಸೆಟ್ಟಿನಲ್ಲಿ ಇದ್ದಳಲ್ಲ, ಅವಳೇ ತಾನೇ ಇವಳು? ಇಷ್ಟು ದಿನ ಎಲ್ಲಿದ್ದಳಂತೆ?”