ಗರ ಬೀಳುವ ಲೆಕ್ಕ

ಕಳೆದ ಮಳೆಗಾಲದ ಒಂದು ಭಾನುವಾರ, ಡೊಂಬಿವಲಿಯ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಮಗ ಕಿರುಚಿದ: "ಬರೀ ಮೋಸ! ತೊಂಬತ್ತೈದು ಪರ್ಸೆಂಟ್ ಅಂತ ತೋರಿಸಿ ಏಟು ತಪ್ಪಿಸಿತು."

ಅವನು ಆಡುತ್ತಿದ್ದುದು 'ಬಾಲ್ಡರ್ಸ್ ಗೇಟ್ 3'. ಸರದಿಯ ಮೇಲೆ ಆಡುವ ಯುದ್ಧದಾಟ. ನಿಮ್ಮ ಸರದಿ ಬಂದಾಗ ಕತ್ತಿ ಬೀಸುತ್ತೀರಿ, ಒಳಗೆಲ್ಲೋ ದಾಳ ಉರುಳುತ್ತದೆ, ಏಟು ತಾಗಬಹುದು, ತಪ್ಪಲೂಬಹುದು. ತಾಗುವ ಸಾಧ್ಯತೆ ಎಷ್ಟೆಂದು ಪರದೆ ಮೊದಲೇ ಹೇಳುತ್ತದೆ.

ಕಿಟಕಿಯ ಬಳಿ ಸೊಪ್ಪು ಬಿಡಿಸುತ್ತಿದ್ದ ಅಮ್ಮ ತಲೆಯೆತ್ತದೆ ಕೇಳಿದಳು: "ಎಷ್ಟು ಮನೆ ಹಿಂದೆ ನಿಂತಿದ್ದೆ ಪುಟ್ಟಾ?"

ಮಗನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನನಗೆ ಆಯಿತು. ಅಮ್ಮನ ತಲೆಯಲ್ಲಿದ್ದುದು ಚೌಕಾಬಾರ. ಹಾಸನದ ಕಡೆಯ ನಮ್ಮೂರಲ್ಲಿ ನಾನೂ ಅವಳೆದುರು ಕೂತು ಎಷ್ಟೋ ಮಧ್ಯಾಹ್ನ ಸೋತವನೇ.

ಇಪ್ಪತ್ತೈದು ಮನೆಯ ಚೌಕ, ನಾಲ್ಕು ಕವಡೆ. ಕವಡೆ ಇಲ್ಲದಿದ್ದರೆ ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆ ಬೀಜ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಮನೆ ನಡೆ. ನಾಲ್ಕೂ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಇವೆರಡರಲ್ಲಿ ಯಾವುದು ಬಿದ್ದರೂ ಗರ, ಇನ್ನೊಮ್ಮೆ ಹಾಕಬಹುದು. ಎದುರಾಳಿಯ ಕಾಯಿ ನಿಂತ ಮನೆಗೆ ಸರಿಯಾಗಿ ಹೋಗಿ ಕೂತರೆ ಅದನ್ನು ಹೊಡೆದಂತೆ. ನಮ್ಮ ಮನೆಯ ನಿಯಮದಲ್ಲಿ ಒಂದು ಕಾಯಿಯನ್ನಾದರೂ ಹೊಡೆಯದವರಿಗೆ ಒಳಮನೆಗೆ ಪ್ರವೇಶವಿರಲಿಲ್ಲ.

ನಿಜವಾದ ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುವುದಿಲ್ಲ. ಆದರೂ ಲೆಕ್ಕಕ್ಕೆ ಸಮ ಎಂದುಕೊಳ್ಳೋಣ. ನಾಲ್ಕು ಕವಡೆ ಬೀಳುವ ಬಗೆ ಒಟ್ಟು 16. ಒಂದು ಬೀಳುವುದು 4 ಬಗೆಯಲ್ಲಿ, ಎರಡು 6 ಬಗೆಯಲ್ಲಿ, ಮೂರು 4 ಬಗೆಯಲ್ಲಿ, ಚೌಕ ಮತ್ತು ಬಾರ ಒಂದೊಂದೇ ಬಗೆಯಲ್ಲಿ. ಆದ್ದರಿಂದ ಶತ್ರುವಿನ ಕಾಯಿಗೆ ಒಂದು ಮನೆ ಹಿಂದೆ ನಿಂತರೆ ಹೊಡೆಯುವ ಸಾಧ್ಯತೆ ಶೇ. 25, ಎರಡು ಮನೆ ಹಿಂದೆ ನಿಂತರೆ ಶೇ. 37.5. ಒಂದು ಕಾಯಿ ಒಂದು ಮನೆ ಹಿಂದೆ, ಇನ್ನೊಂದು ಎರಡು ಮನೆ ಹಿಂದೆ ಇದ್ದರೆ ಶೇ. 62.5. ಅಮ್ಮ ಎಸ್ಸೆಸ್ಸೆಲ್ಸಿ ದಾಟಿದವಳಲ್ಲ, ಈ ಅಂಕಿಗಳು ಅವಳಿಗೆ ಬೇಕಾಗಿಯೂ ಇರಲಿಲ್ಲ. ಕವಡೆ ನಮ್ಮ ಮಾತು ಕೇಳುವುದಿಲ್ಲ, ಆದರೆ ಎಲ್ಲಿ ನಿಲ್ಲಬೇಕೆಂಬುದು ನಮ್ಮ ಕೈಲಿದೆ ಎಂದು ಮಾತ್ರ ಅವಳಿಗೆ ಗೊತ್ತಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಮಣೆಯಾಟಗಳನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೆಂದರೆ, 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗಾಗಿಯೇ 'ಕೌತುಕ ನಿಧಿ' ಎಂಬ ಭಾಗವಿದೆ.

ಈ ಅರಿವು ಇನ್ನೂ ಹಳೆಯದು. ಮಹಾಭಾರತದ ವನಪರ್ವದಲ್ಲಿ ಜೂಜಿನಲ್ಲಿ ಎಲ್ಲ ಕಳೆದುಕೊಂಡ ಯುಧಿಷ್ಠಿರನಿಗೆ ಬೃಹದಶ್ವ ಮುನಿ ನಳನ ಕಥೆ ಹೇಳುತ್ತಾನೆ. ಕನಕದಾಸರು 'ನಳಚರಿತ್ರೆ'ಯಾಗಿ ಕನ್ನಡಕ್ಕೆ ತಂದ ಅದೇ ಕಥೆ. ಸಾರಥಿ ಬಾಹುಕನ ವೇಷದಲ್ಲಿದ್ದ ನಳನ ಎದುರು ಅಯೋಧ್ಯೆಯ ಋತುಪರ್ಣ ದಾರಿಬದಿಯ ತಾರೆಮರವನ್ನು ಒಮ್ಮೆ ನೋಡಿ ಅದರ ಎಲೆ, ಕಾಯಿಗಳ ಸಂಖ್ಯೆ ಹೇಳಿಬಿಡುತ್ತಾನೆ. ಆ ಕಾಲದ ದಾಳಗಳೂ ತಾರೆಕಾಯಿಗಳೇ. ನಳ ಅವನಿಗೆ ಕುದುರೆಯ ವಿದ್ಯೆ ಕೊಟ್ಟು ಅಕ್ಷಹೃದಯವನ್ನು, ಅಂದರೆ ದಾಳದ ಒಳಗುಟ್ಟನ್ನು, ಕಲಿಯುತ್ತಾನೆ. ಲೆಕ್ಕಕ್ಕೂ ಜೂಜಿಗೂ ಇರುವ ನಂಟನ್ನು ಗುರುತಿಸಿದ ಈ ಪ್ರಸಂಗವನ್ನು ತತ್ತ್ವಜ್ಞ ಇಯಾನ್ ಹ್ಯಾಕಿಂಗ್ ಸಂಭವನೀಯತೆಯ ಇತಿಹಾಸ ಕುರಿತ ತನ್ನ 1975ರ ಪುಸ್ತಕದಲ್ಲಿ ಚರ್ಚಿಸಿದ್ದಾನೆ. ಯುರೋಪಿನಲ್ಲಿ ಪಾಸ್ಕಲ್ ಮತ್ತು ಫರ್ಮಾ ಜೂಜಿನ ಲೆಕ್ಕದ ಬಗ್ಗೆ ಪತ್ರ ಬರೆದುಕೊಂಡದ್ದು 1654ರಲ್ಲಿ.

ದಾಳ ಯುದ್ಧದ ನಕ್ಷೆಯ ಮೇಲೆ ಬಂದದ್ದು ಪ್ರಷ್ಯಾದಲ್ಲಿ. 1824ರಲ್ಲಿ ರೈಸ್ವಿಟ್ಸ್ ಎಂಬ ಸೇನಾಧಿಕಾರಿ ಪ್ರಕಟಿಸಿದ 'ಕ್ರೀಗ್‌ಸ್ಪೀಲ್' ತರಬೇತಿಯಾಟದಲ್ಲಿ ಗುಂಡಿನ ಪರಿಣಾಮವನ್ನು ದಾಳ ನಿರ್ಧರಿಸುತ್ತಿತ್ತು. ಒಂದೂವರೆ ಶತಮಾನದ ನಂತರ, 1974ರಲ್ಲಿ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ತಂದರು. ಇಪ್ಪತ್ತು ಮುಖದ ದಾಳ. ಒಂದೊಂದು ಮುಖಕ್ಕೂ ಶೇ. 5. ಕತ್ತಿಗೆ ಒಂದಂಶ ಮಂತ್ರಬಲ ಸೇರಿದರೆ ಐದು ಅಂಶ ಲಾಭ. ಆದರೆ ಆ ಐದರ ಬೆಲೆ ಎಲ್ಲ ಕಡೆ ಒಂದೇ ಅಲ್ಲ. ಐದಿದ್ದವನು ಹತ್ತಕ್ಕೇರಿದರೆ ಅವನ ಬಲ ಇಮ್ಮಡಿ. ತೊಂಬತ್ತಿದ್ದವನು ತೊಂಬತ್ತೈದಕ್ಕೇರಿದರೆ ಅಷ್ಟೇನಲ್ಲ.

2014ರ ಐದನೇ ಆವೃತ್ತಿ ಇನ್ನೊಂದು ದಾರಿ ಕೊಟ್ಟಿತು: ಒಳ್ಳೆಯ ಸ್ಥಾನದಲ್ಲಿದ್ದರೆ, ಶತ್ರುವಿಗೆ ಕಾಣದಂತೆ ನಿಂತಿದ್ದರೆ, ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಐವತ್ತು ಇದ್ದದ್ದು ಎಪ್ಪತ್ತೈದಾಗುತ್ತದೆ. ಮಗನ ಆಟಕ್ಕೆ ಇದೇ ಆವೃತ್ತಿ ಆಧಾರ. ಇದರಲ್ಲಿ ದಾಳ ಒಂದಕ್ಕೆ ಬಿದ್ದರೆ ಎಂಥ ವೀರನ ಏಟೂ ತಪ್ಪಲೇಬೇಕು. ಹಾಗಾಗಿ ಒಂದೇ ದಾಳದಲ್ಲಿ ತೊಂಬತ್ತೈದೇ ಕಡೆಯ ಮೆಟ್ಟಿಲು. ಎರಡು ದಾಳ ಸಿಕ್ಕಿದ್ದರೆ ಅದು 99.75 ಆಗುತ್ತಿತ್ತು. ಅಮ್ಮನ ಪ್ರಶ್ನೆ ಸರಿಯಾಗಿಯೇ ಇತ್ತು!

ಮತ್ತೆ ಮಗನಿಗೆ ಮೋಸ ಅನಿಸಿದ್ದೇಕೆ? ಕೆಲವು ಕಂಪ್ಯೂಟರ್ ಆಟಗಳು ನಮ್ಮನ್ನು ಮುದ್ದು ಮಾಡಿ ಕೆಡಿಸಿವೆ. ಜಪಾನಿನ 'ಫೈರ್ ಎಂಬ್ಲೆಮ್' ಸರಣಿಯ 2002ರ ಆಟ ಎರಡು ಸಂಖ್ಯೆ ತೆಗೆದು ಸರಾಸರಿ ನೋಡುತ್ತಿತ್ತು. ಪರದೆಯಲ್ಲಿ 90 ಎಂದಿದ್ದರೆ ನಿಜದಲ್ಲಿ ಸುಮಾರು 98. 10 ಎಂದಿದ್ದರೆ ಸುಮಾರು 2. 2012ರ 'ಎಕ್ಸ್‌ಕಾಮ್' ಸುಲಭ ಹಂತಗಳಲ್ಲಿ ಏಟು ತಪ್ಪುತ್ತ ಹೋದಂತೆ ಗುಟ್ಟಾಗಿ ಸಾಧ್ಯತೆ ಏರಿಸುತ್ತಿತ್ತು. ಮಗನ ಆಟದಲ್ಲೂ ಸತತ ಸೋಲು ತಪ್ಪಿಸುವ 'ಕಾರ್ಮಿಕ್ ಡೈಸ್' ಎಂಬ ಆಯ್ಕೆ ಇದೆ. (ಕರ್ಮದಿಂದ ಬಂದ ಹೆಸರು, ಕಾರ್ಮಿಕರಿಗೂ ಅದಕ್ಕೂ ಸಂಬಂಧವಿಲ್ಲ.) ನಮಗೆ ತೊಂಬತ್ತು ಎಂದರೆ 'ಖಂಡಿತ' ಎಂದೇ ಕೇಳಿಸುತ್ತದೆ, ಆಟ ಮಾಡುವವರಿಗೆ ಅದು ಗೊತ್ತು.

ಇದನ್ನೆಲ್ಲ ಓದುತ್ತಿದ್ದಾಗ ಮಗನನ್ನು ನೋಡಿ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎರಡು ವರ್ಷದ ಹಿಂದೆ ಐರೋಲಿಯ ಆಫೀಸಿನಲ್ಲಿ ಒಂದು ರಿಲೀಸ್‌ಗೆ ಮುಂಚೆ ಗ್ರಾಹಕರಿಗೆ "ತೊಂಬತ್ತೈದು ಪರ್ಸೆಂಟ್ ಗ್ಯಾರಂಟಿ" ಎಂದಿದ್ದೆ. ಹತ್ತು ಕೆಲಸಗಳಿದ್ದವು. ಒಂದೊಂದರ ಬಗ್ಗೆಯೂ ನನಗೆ ಅಷ್ಟೇ ಭರವಸೆಯಿತ್ತು. ಆದರೆ ಹತ್ತೂ ಒಟ್ಟಿಗೆ ಸರಿಬೀಳಬೇಕಾದರೆ 0.95 ಅನ್ನು ಹತ್ತು ಸಲ ಗುಣಿಸಬೇಕು. ಉತ್ತರ ಸುಮಾರು ಶೇ. 60. ಎಂಟೆಕ್ ಓದಿದವನು ನಾನು, ಗುಣಿಸಿ ನೋಡಲಿಲ್ಲ. ರಿಲೀಸ್ ಬಿತ್ತು. ಕೊನೆಯ ಪರೀಕ್ಷೆ ಮಾಡಿದ್ದ ಕಲ್ಯಾಣದ ಹುಡುಗಿಯ ಮೇಲೆ ಮಾತು ಬಂತು, ಅವಳನ್ನು ತಂಡದಿಂದ ತೆಗೆದರು. ಮೀಟಿಂಗಿನಲ್ಲಿ ನಾನು ಬಾಯಿ ಬಿಡಲಿಲ್ಲ.

ಮುಂದಿನ ವಾರ ಠಾಣೆಯಲ್ಲಿ ಗಾಡಿ ಬದಲಿಸುವಾಗ ಅವಳು ಸೇತುವೆಯ ಮೇಲೆ ಸಿಕ್ಕಳು. ಈಗ ಬೇರೆ ಕಂಪನಿ. "ಆವತ್ತಿನ ತಪ್ಪು ನಿನ್ನ ಟೆಸ್ಟಿಂಗಿನದಲ್ಲ, ನನ್ನ ಲೆಕ್ಕದ್ದು" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿತ್ತು ಸರ್. ಆವತ್ತೇ ಹೇಳಬಹುದಿತ್ತು" ಎಂದಳು. ಅಷ್ಟರಲ್ಲಿ ಅವಳ ಗಾಡಿ ಬಂತು.

ಈಗ ರಿಪೋರ್ಟಿನಲ್ಲಿ ಬರೀ ಒಂದು ಅಂಕಿ ಬರೆಯುವುದಿಲ್ಲ. ಎಷ್ಟು ಕೆಲಸಗಳನ್ನು ಗುಣಿಸಿದೆ, ಒಂದು ತಪ್ಪಿದರೆ ಎರಡನೇ ದಾಳ ಯಾವುದು, ಎರಡನ್ನೂ ಬರೆಯುತ್ತೇನೆ. ಗ್ರಾಹಕರಿಗೆ ಅರವತ್ತು ಎಂಬ ಅಂಕಿ ಇಷ್ಟವಾಗುವುದಿಲ್ಲ, ಮೇಲಿನವರಿಗೂ ಅಷ್ಟೆ.

ಮನೆಯಲ್ಲಿ ಹಳೆಯ ರಟ್ಟಿನ ಮೇಲೆ ಅಮ್ಮ ಇಪ್ಪತ್ತೈದು ಮನೆ ಗೆರೆ ಎಳೆದಿದ್ದಾಳೆ. ಹೋದ ಭಾನುವಾರ ಮಗ ಒಂದು ಕಾಯಿಯನ್ನು ಅವಳ ಕಾಯಿಗೆ ಎರಡು ಮನೆ ಹಿಂದೆ ನಿಲ್ಲಿಸಿ, ಇನ್ನೊಂದನ್ನು ಒಂದು ಮನೆ ಹಿಂದಕ್ಕೆ ತಂದ. ಹದಿನಾರರಲ್ಲಿ ಹತ್ತು. ಅವಳ ಸರದಿಯಲ್ಲಿ ಬೇರೆ ಕಾಯಿ ನಡೆಸಿ ಅವಳು ಅಲ್ಲೇ ನಿಂತಳು. ಅವನ ಸರದಿ ಬಂತು, ಕವಡೆ ಹಾಕಿದ, ಮೂರು ಬಿತ್ತು.

"ಮೋಸ ಅನ್ನೋದಿಲ್ವಾ?" ಎಂದೆ.

"ಮುಂದಿನ ಸಲ ಮೂರು ಮನೆ ಹಿಂದೇನೂ ಒಂದು ಕಾಯಿ ಇಡ್ತೀನಿ" ಎಂದ.