ಕಡಲ ನಾಯಿಗಳನ್ನು ಕೊಂದದ್ದು ಯಾವುದು?

ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಕಡಲಿನಲ್ಲಿ ಆನ್‌ಹೋಲ್ಟ್ ಎಂಬ ಪುಟ್ಟ ದ್ವೀಪವಿದೆ. 1988ರ ಏಪ್ರಿಲ್‌ನಲ್ಲಿ ಅಲ್ಲಿನ ದಡದಲ್ಲಿ ದಿನ ತುಂಬುವ ಮೊದಲೇ ಹುಟ್ಟಿ ಸತ್ತ ಸೀಲ್ ಮರಿಗಳು ಕಂಡವು. ಆಮೇಲೆ ದೊಡ್ಡ ಸೀಲ್‌ಗಳೂ ಉಸಿರಾಡಲಾಗದೆ ಸಾಯತೊಡಗಿದವು. ಆಗಸ್ಟ್ ಹೊತ್ತಿಗೆ ಸಾವು ಜರ್ಮನಿ, ನೆದರ್‌ಲ್ಯಾಂಡ್ಸ್ ದಾಟಿ ಇಂಗ್ಲೆಂಡಿನ ಕರಾವಳಿ ಮುಟ್ಟಿತ್ತು. ಆ ವರ್ಷ ಸತ್ತ ಹಾರ್ಬರ್ ಸೀಲ್‌ಗಳು ಸುಮಾರು 18,000.

ಪತ್ರಿಕೆಗಳು ಮೊದಲು ಬೆರಳು ತೋರಿಸಿದ್ದು ಮಾಲಿನ್ಯದ ಕಡೆಗೆ. ಅದು ಬರೀ ಊಹೆಯಲ್ಲ ಎಂಬುದನ್ನು ನಾವು ಗಮನಿಸಬೇಕು. ಆ ಕಡಲಿಗೆ ದಶಕಗಳ ಕಾಲ ಕಾರ್ಖಾನೆಗಳ ತ್ಯಾಜ್ಯ ಸೇರಿತ್ತು. ಪಿಸಿಬಿ ಎಂಬ ರಾಸಾಯನಿಕ ಮೀನಿನ ಮೂಲಕ ಸೀಲ್‌ಗಳ ಕೊಬ್ಬಿನಲ್ಲಿ ಶೇಖರವಾಗುತ್ತಿತ್ತು. ವಾಡೆನ್ ಕಡಲಿನ ಮಲಿನ ಮೀನು ತಿಂದ ಸೀಲ್‌ಗಳು ಗರ್ಭ ಧರಿಸುವುದು ಕಡಿಮೆಯಾಗುತ್ತದೆ ಎಂದು ಡಚ್ ವಿಜ್ಞಾನಿ ಪೀಟರ್ ರೇಂಡರ್ಸ್ 1986ರಲ್ಲೇ ತೋರಿಸಿದ್ದರು.

ಆದರೆ ಅದೇ ಕಡಲಿನ ಬೂದು ಸೀಲ್‌ಗಳಲ್ಲಿ ಸಾವು ತೀರ ಕಡಿಮೆಯಿತ್ತು. ಉತ್ತರ ಸಿಕ್ಕಿದ್ದು ಪ್ರಯೋಗಾಲಯದಲ್ಲಿ. ಆಲ್ಬರ್ಟ್ ಓಸ್ಟರ್‌ಹೌಸ್ ನೇತೃತ್ವದ ಡಚ್ ತಂಡ ಆ ವರ್ಷವೇ ಸೀಲ್‌ಗಳಲ್ಲಿ ನಾಯಿಗಳ ಡಿಸ್ಟೆಂಪರ್ ರೋಗವನ್ನು ಹೋಲುವ ವೈರಸ್ಸಿನ ಗುರುತು ಕಂಡಿತು. ಜರ್ಮನ್, ಡಚ್ ಭಾಷೆಗಳಲ್ಲಿ ಈ ಪ್ರಾಣಿಯ ಹೆಸರಿನ ಅರ್ಥವೇ 'ಕಡಲ ನಾಯಿ'! ಮುಂದೆ ಅದು ಬೇರೆಯೇ ವೈರಸ್ ಎಂದು ತಿಳಿದು 'ಸೀಲ್ ಡಿಸ್ಟೆಂಪರ್' ಎಂಬ ಹೆಸರು ಬಂತು. ಮನುಷ್ಯರ ದಡಾರ, ದನಗಳ ರಿಂಡರ್‌ಪೆಸ್ಟ್ ಇದೇ ಕುಲದವು. ಗ್ರೀನ್‌ಲ್ಯಾಂಡ್ ಬಳಿಯ ಹಾರ್ಪ್ ಸೀಲ್‌ಗಳ ರಕ್ತದಲ್ಲಿ ಈ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು 1988ಕ್ಕೂ ಮೊದಲೇ ಇದ್ದವು. ಅಲ್ಲಿ ಹಳೆಯದಾಗಿದ್ದ ರೋಗ, ಇಲ್ಲಿನ ಸೀಲ್‌ಗಳಿಗೆ ಹೊಸದು.

ಹಾಗಾದರೆ ಮಾಲಿನ್ಯ ನಿರಪರಾಧಿಯೇ? ನೆದರ್‌ಲ್ಯಾಂಡ್ಸ್‌ನಲ್ಲಿ 22 ಸೀಲ್‌ಗಳನ್ನು ಎರಡು ಗುಂಪು ಮಾಡಿ ಎರಡು ವರ್ಷಕ್ಕೂ ಹೆಚ್ಚು ಕಾಲ ಸಾಕಿದರು. ಒಂದು ಗುಂಪಿಗೆ ಮಲಿನವಾದ ಬಾಲ್ಟಿಕ್ ಕಡಲಿನ ಹೆರಿಂಗ್ ಮೀನು, ಇನ್ನೊಂದಕ್ಕೆ ಅಟ್ಲಾಂಟಿಕ್‌ನ ಹೆರಿಂಗ್. ಬಾಲ್ಟಿಕ್ ಮೀನು ತಿಂದವುಗಳ ರೋಗ ನಿರೋಧಕ ಶಕ್ತಿ ಕುಗ್ಗಿತು. 1988ರ ಸಾವುಗಳಿಗೆ ವಿಷವೇ ಕಾರಣ ಎಂದು ಇದು ಸಾಬೀತು ಮಾಡಲಿಲ್ಲ. ಕೊಂದದ್ದು ವೈರಸ್ಸೇ. ಆದರೆ ವಿಷ ತಿಂದ ದೇಹ ರೋಗದ ಮುಂದೆ ಸೋಲುವುದು ಸುಲಭ ಎಂಬುದು ಗೊತ್ತಾಯಿತು.

1990ರಲ್ಲಿ ಡೆನ್ಮಾರ್ಕ್, ಜರ್ಮನಿ, ನೆದರ್‌ಲ್ಯಾಂಡ್ಸ್ ವಾಡೆನ್ ಕಡಲಿನ ಸೀಲ್ ರಕ್ಷಣೆಗೆ ಒಪ್ಪಂದ ಮಾಡಿಕೊಂಡವು. ಸೀಲ್‌ಗಳ ಸಂಖ್ಯೆ ಚೇತರಿಸಿಕೊಂಡಿತು. 2002ರ ಮೇ ತಿಂಗಳಲ್ಲಿ ರೋಗ ಮರಳಿ ಬಂತು, ಮತ್ತದೇ ಆನ್‌ಹೋಲ್ಟ್‌ನಿಂದ. ಅಷ್ಟರಲ್ಲಿ ಹುಟ್ಟಿದ್ದ ಹೊಸ ತಲೆಮಾರು ವೈರಸ್ಸನ್ನು ಕಂಡೇ ಇರಲಿಲ್ಲ. ಈ ಬಾರಿ ಸತ್ತವು ಸುಮಾರು 30,000.

ಇದು ದೂರದ ಕಡಲಿನ ಕಥೆಯಷ್ಟೇ ಅಲ್ಲ. ಸೈಬೀರಿಯಾದ ಬೈಕಲ್ ಸರೋವರದಲ್ಲಿ 1987-88ರಲ್ಲಿ ಸಾವಿರಾರು ಸೀಲ್‌ಗಳು ಸತ್ತದ್ದು ನಾಯಿಗಳ ಡಿಸ್ಟೆಂಪರ್‌ನಿಂದಲೇ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಸತ್ತ ಸಿಂಹಗಳಲ್ಲಿ ಸಿಕ್ಕಿದ್ದೂ ಅದೇ ವೈರಸ್. ಕುಲ ಬೇರೆಯಾದರೂ ನಮ್ಮ ಮಲೆನಾಡಿನ ಅನುಭವವೂ ಇದಕ್ಕೆ ಹತ್ತಿರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಮೊದಲು ಅನುಮಾನ ಬಂದದ್ದು ಹಳದಿ ಜ್ವರದ ಮೇಲೆ. ಪತ್ತೆಯಾದದ್ದು ಉಣುಗುಗಳು ಹರಡುವ ಹೊಸ ವೈರಸ್.

ಹಳ್ಳಿಗಳಿಂದ ಸುದ್ದಿ ಬರೆಯುವ ನಮಗೆ ಕೆರೆಯಲ್ಲಿ ಮೀನು ಸತ್ತ, ತೋಟದಲ್ಲಿ ಮಂಗ ಸತ್ತ ಸುದ್ದಿ ಆಗಾಗ ಸಿಗುತ್ತದೆ. ಒಬ್ಬನೇ ಅಪರಾಧಿಯನ್ನು ಹುಡುಕಿ ಅಂದೇ ತಲೆಬರಹ ಕೊಡುವ ಆಸೆಯೂ ಇರುತ್ತದೆ. ಸೀಲ್‌ಗಳ ಕಥೆ ನಮಗೆ ಎರಡು ಪ್ರಶ್ನೆ ಕಲಿಸುತ್ತದೆ: ಕೊಂದದ್ದು ಯಾವುದು? ಸಾಯುವಷ್ಟು ದುರ್ಬಲ ಮಾಡಿದ್ದು ಯಾವುದು? ಮೊದಲನೆಯದಕ್ಕೆ ಪ್ರಯೋಗಾಲಯದ ವರದಿ ಬರುವವರೆಗೆ ಕಾಯಬೇಕು. ಎರಡನೆಯದನ್ನು ವರದಿ ಬಂದ ಮೇಲೂ ಕೇಳುತ್ತಿರಬೇಕು.