ಪಂಪ್ ಬೆಂಚಿನಿಂದ ಲ್ಯಾಪ್‌ಟಾಪ್‌ವರೆಗೆ: ಗುಜರಾತಿನ ಹಳೆಯ ಡೀಸೆಲ್ ಪಿಕಪ್‌ಗಳ ಟ್ಯೂನಿಂಗ್

ಡೀಸೆಲ್ ಟ್ಯೂನಿಂಗ್ ಎಂದರೆ ಲ್ಯಾಪ್‌ಟಾಪ್ ಜೋಡಿಸಿ ಅಶ್ವಶಕ್ತಿ ಏರಿಸುವ ಹೊಸ ವಿದ್ಯೆ ಎಂಬ ಮಾತು ಈಗ ಎಲ್ಲೆಡೆ ಚಲಾವಣೆಯಲ್ಲಿದೆ. ಅಹಮದಾಬಾದಿನ ನಾರೋಲ್, ವಡೋದರದ ಮಕರ್‌ಪುರ, ಸೂರತ್ತಿನ ಪಾಂಡೇಸರಾಗಳಲ್ಲಿ ಸರಕು ಹೊರುವ ಸೆಕೆಂಡ್‌ಹ್ಯಾಂಡ್ ಪಿಕಪ್‌ಗಳ ಮಟ್ಟಿಗೆ ಈ ಮಾತು ಎರಡು ಬಗೆಯಲ್ಲಿ ತಪ್ಪು. ವಿದ್ಯೆ ಲ್ಯಾಪ್‌ಟಾಪ್‌ಗಿಂತ ಬಹಳ ಹಳೆಯದು. ಅದರ ಮುಖ್ಯ ಕೆಲಸವೂ ಶಕ್ತಿ ಏರಿಸುವುದಲ್ಲ. ಸವೆದ ಎಂಜಿನ್ನಿಗೆ ಲೆಕ್ಕದಷ್ಟೇ ಡೀಸೆಲ್ಲನ್ನು ಸರಿಯಾದ ಕ್ಷಣದಲ್ಲಿ ಮತ್ತೆ ಸಿಗುವಂತೆ ಮಾಡುವುದು.

ಆರಂಭದ ಘಟ್ಟವನ್ನು ಬೇಗ ಹೇಳಿ ಮುಗಿಸಬಹುದು. ರುಡಾಲ್ಫ್ ಡೀಸೆಲ್ ಅವರ ಎಂಜಿನ್ ಯಶಸ್ವಿಯಾದದ್ದು 1897ರಲ್ಲಿ. 1927ರಲ್ಲಿ ಬಾಷ್ ಕಂಪನಿ ಎಂಜಿನ್ನಿಗೆ ಡೀಸೆಲ್ ಒತ್ತುವ ಇನ್‌ಲೈನ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ಲಾರಿಗಳಿಗೆ ದಾರಿ ತೆರೆಯಿತು. 1951ರಲ್ಲಿ ಬಾಷ್ ಸಹಯೋಗದ ಮೈಕೋ ಕಂಪನಿ ಆರಂಭವಾಗಿ, ಮುಂದೆ ಬೆಂಗಳೂರಿನ ಆಡುಗೋಡಿಯ ಪಂಪು, ನಾಝಲ್‌ಗಳು ದೇಶದ ಮೂಲೆಮೂಲೆಗೂ ಹೋದವು. ಗುಜರಾತಿನಲ್ಲಿ ರಾಜಕೋಟ್ ನೀರೆತ್ತುವ ಡೀಸೆಲ್ ಎಂಜಿನ್ನುಗಳ ಊರಾಗಿ ಬೆಳೆದಿತ್ತು. ಡೀಸೆಲ್ ಬಲ್ಲ ಕೈಗಳಿಗೆ ಆ ರಾಜ್ಯದಲ್ಲಿ ಎಂದೂ ಬರವಿರಲಿಲ್ಲ.

ನಿಜವಾದ ಬೆಳವಣಿಗೆ ಶುರುವಾದದ್ದು 1986ರ ಟಾಟಾ 407, 1988ರ ಟಾಟಾಮೊಬೈಲ್ 206, ಅನಂತರದ 207, ಪೆಜೋ ಎಂಜಿನ್ ಹೊತ್ತ ಮಹೀಂದ್ರಾ ಗಾಡಿಗಳು ಬೀದಿಗಿಳಿದ ಕಾಲದಲ್ಲಿ. ಬೆಂಗಳೂರಿನಲ್ಲಿ ಪಂಪ್ ಕೆಲಸ ಕಲಿತು ಗುಜರಾತಿಗೆ ಹೋದ ನನ್ನಂಥವರ ತಲೆಮಾರು ಇದು. ಆಗ ಟ್ಯೂನಿಂಗ್ ನಡೆಯುತ್ತಿದ್ದುದು ಪಂಪ್ ರೂಮಿನಲ್ಲಿ. ಪಂಪನ್ನು ಬಿಚ್ಚಿ ಬೆಂಚಿಗೆ ಕಟ್ಟಿ, ನಿಗದಿತ ವೇಗದಲ್ಲಿ ಓಡಿಸಿ, ಸಾವಿರ ಸ್ಟ್ರೋಕಿಗೆ ಪ್ರತಿ ಲೈನಿನಿಂದ ಎಷ್ಟು ಸಿ.ಸಿ. ಡೀಸೆಲ್ ಬರುತ್ತದೆಂದು ಗಾಜಿನ ಕೊಳವೆಗಳಲ್ಲಿ ಅಳೆಯುತ್ತಿದ್ದರು. ನಾಲ್ಕೂ ಲೈನು ಸಮ ಬರಬೇಕು, ಗವರ್ನರ್ ಸರಿಯಾದ ವೇಗದಲ್ಲಿ ಡೀಸೆಲ್ ತಡೆಯಬೇಕು, ನಾಝಲ್ ತೊಟ್ಟಿಕ್ಕದೆ ಮಂಜಿನಂತೆ ಸಿಂಪಡಿಸಬೇಕು. ಇಷ್ಟಾದ ಮೇಲೆ ಡೀಸೆಲ್‌ನ ಗರಿಷ್ಠ ಮಿತಿ ನಿಗದಿ ಮಾಡುವ ಫುಲ್‌ಲೋಡ್ ಸ್ಕ್ರೂಗೆ ಸೀಲು. ಟರ್ಬೊ ಬಂದಾಗ ರೋಟರಿ ಪಂಪಿನ ಮೇಲೆ ಒಂದು ಡಯಾಫ್ರಂ ಕೂತಿತು. ಗಾಳಿಯ ಒತ್ತಡ ಏರಿದಂತೆ ಡೀಸೆಲ್ ಹೆಚ್ಚಿಸುವುದು ಅದರ ಕೆಲಸ.

ಸೀಲು ಒಡೆದು ಸ್ಕ್ರೂ ತಿರುಗಿಸಿ ‘ಪಿಕಪ್ ಬಂತು’ ಎಂದು ಗಾಡಿ ಕಳಿಸಿದವರೂ ಬೇಕಾದಷ್ಟಿದ್ದರು. ಸುಡಲು ಗಾಳಿ ಇಲ್ಲದೆ ಹೆಚ್ಚಿಗೆ ಸುರಿದ ಡೀಸೆಲ್ ಕಪ್ಪು ಹೊಗೆಯಾಗುತ್ತದೆ, ಪಿಸ್ಟನ್ನನ್ನು ಕಾಯಿಸುತ್ತದೆ. ಒಳ್ಳೆಯ ಪಂಪ್ ಮೇಸ್ತ್ರಿಗಳು ಎಷ್ಟೋ ಸಲ ಸ್ಕ್ರೂವನ್ನು ಹಿಂದಕ್ಕೇ ತಿರುಗಿಸುತ್ತಿದ್ದರು. ಆವರೇಜ್ ಹೆಚ್ಚುತ್ತಿತ್ತು, ಎಂಜಿನ್ ಬಾಳುತ್ತಿತ್ತು. ಈ ಕ್ಷೇತ್ರ ಕಂಡ ಅತ್ಯಂತ ಪ್ರಾಮಾಣಿಕ ಪರಂಪರೆ ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಅಲ್ಲಿ ಅಳತೆ ಮೊದಲು, ತಿದ್ದುಪಡಿ ಆಮೇಲೆ.

ಮುಂದಿನ ಘಟ್ಟ ಕಾಮನ್ ರೈಲ್, ಅಂದರೆ ಎಲ್ಲ ಇಂಜೆಕ್ಟರುಗಳಿಗೂ ಅಧಿಕ ಒತ್ತಡದ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ವ್ಯವಸ್ಥೆ. 2002ರಲ್ಲಿ ಹ್ಯುಂಡೈ ಆಕ್ಸೆಂಟ್ ಅದನ್ನು ನಮ್ಮ ರಸ್ತೆಗಳಿಗೆ ತಂದಿತು. 2005ರಲ್ಲಿ ಸ್ಕಾರ್ಪಿಯೊ, ಮುಂದೆ ಬೊಲೆರೊ ಪಿಕಪ್‌ನ 2523 ಸಿ.ಸಿ. ಎಂಜಿನ್ನೂ ಅದನ್ನು ಪಡೆದವು. ಇನ್ನೂರು ಬಾರ್ ಆಸುಪಾಸಿನಲ್ಲಿ ತೆರೆಯುತ್ತಿದ್ದ ನಾಝಲ್‌ನ ಜಾಗಕ್ಕೆ ಸಾವಿರ ಬಾರ್ ಮೀರಿದ ಒತ್ತಡದ ಇಂಜೆಕ್ಟರ್ ಬಂತು, ಸ್ಕ್ರೂವಿನ ಜಾಗಕ್ಕೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು. ಸೆನ್ಸರ್ ತಂತಿಯ ನಡುವೆ ಕೂರುವ ಟ್ಯೂನಿಂಗ್ ಬಾಕ್ಸ್‌ಗಳು, ಇಸಿಯು ಒಳಗಿನ ಡೀಸೆಲ್ ಲೆಕ್ಕದ ಕೋಷ್ಟಕವನ್ನೇ, ಅಂದರೆ ಮ್ಯಾಪನ್ನೇ, ತಿದ್ದುವ ರೀಮ್ಯಾಪ್‌ಗಳು ಮಾರುಕಟ್ಟೆಗೆ ಬಂದವು. ಬಾಕ್ಸ್ ಹುಸಿ ಸಂಕೇತ ಕೊಟ್ಟು ಇಸಿಯುವನ್ನು ನಂಬಿಸುತ್ತದೆ. ಸರಕು ಗಾಡಿಗೆ ಅದು ತಕ್ಕದ್ದಲ್ಲ. ರೀಮ್ಯಾಪ್ ಸಮರ್ಥ ಉಪಕರಣ, ಆದರೆ ಹೊರಗಿನಿಂದ ತರಿಸಿದ ಫೈಲು ಈ ಗಾಡಿಯ ಸವೆತವನ್ನು ಅರಿಯದು. ಇಂಜೆಕ್ಟರಿನ ರಿಟರ್ನ್ ಸೋರಿಕೆ, ಕಂಪ್ರೆಶನ್, ಟರ್ಬೊ ಶಾಫ್ಟಿನ ಆಟ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್‌ನ ಮಸಿ ನೋಡದೆ ಮ್ಯಾಪ್ ಬರೆಯುವುದು ಅಂದಾಜಿನ ವ್ಯಾಪಾರ.

ಊರಿನ ಹವೆಯೂ ಲೆಕ್ಕಕ್ಕೆ ಬರಬೇಕು. 2016ರ ಮೇ 20ರಂದು ಅಹಮದಾಬಾದಿನ ತಾಪಮಾನ 48 ಡಿಗ್ರಿ ಮುಟ್ಟಿತ್ತು. 25 ಡಿಗ್ರಿಯ ಗಾಳಿಗೆ ಹೋಲಿಸಿದರೆ 45 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ ಶೇ. 6ರಷ್ಟು ಕಡಿಮೆ; ಅಷ್ಟೇ ಡೀಸೆಲ್ ಸುರಿದರೆ ಹೊಗೆ ಖಚಿತ. ಸೂರತ್ತಿನ ರಿಂಗ್ ರೋಡ್ ಮಾರುಕಟ್ಟೆಯಲ್ಲಿ ಬಟ್ಟೆಯ ಮೂಟೆ ಹೊತ್ತು ನಿಂತುನಿಂತು ಸಾಗುವ ಗಾಡಿಗೂ, ಅಹಮದಾಬಾದ್–ವಡೋದರ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೇ ಸಮನೆ ಓಡುವ ಗಾಡಿಗೂ ಒಂದೇ ಮ್ಯಾಪ್ ಹೊಂದದು.

ಕಾಯಿದೆ ಊರಿಂದೂರಿಗೆ ಬೇರೆ ಬೇರೆ ಹೊತ್ತಿನಲ್ಲಿ ಬಂತು. 2010ರ ಏಪ್ರಿಲ್‌ನಲ್ಲಿ ಹೊಗೆಯ ಮಾನದಂಡವಾದ ಬಿಎಸ್-4 ಮೊದಲು ಜಾರಿಯಾದ 13 ನಗರಗಳಲ್ಲಿ ಅಹಮದಾಬಾದ್, ಸೂರತ್ ಇದ್ದವು. 1965ರಿಂದ ಕೊಯಲಿಯಲ್ಲಿ ತೈಲ ಸಂಸ್ಕರಿಸುತ್ತಿರುವ ವಡೋದರ ಇರಲಿಲ್ಲ. ಇಡೀ ದೇಶಕ್ಕೆ ಅದು ವಿಸ್ತರಿಸಿದ್ದು 2017ರಲ್ಲಿ. ಹಾಗಾಗಿ ಒಂದೇ ವರ್ಷದ, ಒಂದೇ ಹೆಸರಿನ ಎರಡು ಹಳೆಯ ಗಾಡಿಗಳ ಒಳಗಿನ ವ್ಯವಸ್ಥೆ ಬೇರೆಯಿರಬಹುದು. 2020ರ ಬಿಎಸ್-6 ಜೊತೆ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್, ಬಂತು. ಅದನ್ನು ಕಿತ್ತು, ಇಜಿಆರ್ ಮುಚ್ಚಿ, ಈ ಕೆಲಸವನ್ನೂ ‘ಟ್ಯೂನಿಂಗ್’ ಎಂದು ಮಾರುವವರೂ ಬಂದರು. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಅನಧಿಕೃತ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಇದಕ್ಕೆ ಮಾಲೀಕನೇ ಹೊಣೆ: ಪ್ರತಿ ಮಾರ್ಪಾಡಿಗೆ ₹5,000 ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಆದರೆ ಪರೀಕ್ಷೆಯ ಕಡೆ ದೊಡ್ಡ ಕೊರತೆಯಿದೆ. ಡೀಸೆಲ್ ಗಾಡಿಯ ಪಿಯುಸಿ (ಮಾಲಿನ್ಯ ಪ್ರಮಾಣಪತ್ರ) ಹೊಗೆ ಪರೀಕ್ಷೆ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ ನಡೆಯುತ್ತದೆ. ಎಂಜಿನ್ನಿನ ಮೇಲೆ ಭಾರವೇ ಇರುವುದಿಲ್ಲ. ಸಾರಜನಕದ ಆಕ್ಸೈಡುಗಳನ್ನು ಅದು ಅಳೆಯುವುದೂ ಇಲ್ಲ. ಕೆಟ್ಟ ರೀಮ್ಯಾಪ್ ಅದರಲ್ಲಿ ಪಾಸಾಗಬಹುದು. ಜಾಗರೂಕ ಮೇಸ್ತ್ರಿಯ ಒಳ್ಳೆಯ ಕೆಲಸಕ್ಕೂ ಅಲ್ಲಿ ಯಾವ ದಾಖಲೆಯೂ ಸಿಗುವುದಿಲ್ಲ.

ಈ ಕೊರತೆ ತುಂಬಬಲ್ಲ ಸಂಸ್ಥೆಗಳು ಇದೇ ಊರುಗಳಲ್ಲಿವೆ: ಅಹಮದಾಬಾದಿನಲ್ಲಿ ಎಲ್.ಡಿ. ಎಂಜಿನಿಯರಿಂಗ್ ಕಾಲೇಜು, ವಡೋದರದಲ್ಲಿ ಎಂ.ಎಸ್. ವಿಶ್ವವಿದ್ಯಾಲಯ, ಸೂರತ್ತಿನಲ್ಲಿ ಎಸ್‌ವಿಎನ್‌ಐಟಿ ಇವೆ. ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ತರಬೇತಿಯಿದೆ. ದುಡಿಯುವ ಹಳೆಯ ಪಿಕಪ್‌ಗಳನ್ನು ಭಾರ ಹೇರಿ ಎಂಜಿನ್ ಓಡಿಸುವ ಲೋಡ್ ಡೈನೊ ಮೇಲೆ ಟ್ಯೂನಿಂಗ್‌ಗೆ ಮುಂಚೆ ಮತ್ತು ಆಮೇಲೆ ಅಳೆದು ಫಲಿತಾಂಶ ಪ್ರಕಟಿಸುವ ಕೆಲಸವನ್ನು ಈ ಸಂಸ್ಥೆಗಳು ಕೈಗೆತ್ತಿಕೊಳ್ಳಬೇಕು. ಉಳಿದಿರುವ ಪಂಪ್ ಮೇಸ್ತ್ರಿಗಳನ್ನು ಪಾಠಕ್ಕೆ ಕರೆಯಬೇಕು. ಗಾಡಿ ಮಾಲೀಕರಿಗೂ ಒಂದು ಮಾತು: ಇಂಜೆಕ್ಟರ್ ಮತ್ತು ಕಂಪ್ರೆಶನ್ ಅಳತೆಯನ್ನು ಬರೆದು ಕೊಡದ ಗ್ಯಾರೇಜಿಗೆ ನಿಮ್ಮ ಎಂಜಿನ್ನಿನ ಮ್ಯಾಪ್ ಮುಟ್ಟಲು ಬಿಡಬೇಡಿ.